ಕೂಸು ನೇವಿಗೆ ಹೋದ ಮೇಲೆ

ಶಿರಸಿ ಪೇಟೆಯಲ್ಲಿ ಯಾರು ಸಿಕ್ಕರೂ ಈಗ ನನ್ನ ಹತ್ತಿರ ಕೇಳುವುದು ಒಂದೇ. "ಕೂಸಿನ ಅಷ್ಟು ದೂರ ಕಳ್ಸಲೆ ಧೈರ್ಯ ಹೆಂಗೆ ಬಂತೆ ನಿಂಗೆ?" ಹೋದ ತಿಂಗಳು ಒಂದೇ ವಾರದಲ್ಲಿ ಇಬ್ಬರು ತಾಯಂದಿರು ಫೋನ್ ಮಾಡಿದ್ದರು. ಒಬ್ಬರು ಸಿದ್ದಾಪುರದವರು, ಇನ್ನೊಬ್ಬರು ಅಂಕೋಲೆ ಕಡೆಯವರು. ಇಬ್ಬರ ಮಕ್ಕಳಿಗೂ ನೇವಿ ಸೇರುವ ಆಸೆ. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನನ್ನ ಮಗಳು ಅಗ್ನಿವೀರ್ ಆಗಿ ನೇವಿ ಸೇರಿ 2025ರ ನವೆಂಬರ್‌ಗೆ ಮೂರು ವರ್ಷ. ಅವಳ ಹೆಸರು, ಹಡಗಿನ ಹೆಸರು ಬರೆಯುವುದಿಲ್ಲ. ಬರೆಯಬೇಡ ಅಂತ ಅವಳೇ ಹೇಳಿದ್ದಾಳೆ. ಮನೆಯಲ್ಲಿ ಕರೆಯುವ ಹಾಗೆ ಕೂಸು ಅಂತಲೇ ಬರೆಯುತ್ತೇನೆ.

ನಮ್ಮದು ಶಿರಸಿಯಿಂದ ಹದಿನಾಲ್ಕು ಕಿಲೋಮೀಟರ್ ಒಳಗಿನ ಊರು. ಒಂದೂವರೆ ಎಕರೆ ಅಡಿಕೆ ತೋಟ, ಎರಡು ದನ. ಸಮುದ್ರ ನೋಡಬೇಕು ಅಂದರೆ ಘಟ್ಟ ಇಳಿಯಬೇಕು. ಕೂಸಿಗೆ ಈ ಹುಚ್ಚು ಹಿಡಿದಿದ್ದು ಯಾವಾಗ ಅಂತ ನನಗೆ ಸರಿಯಾಗಿ ಗೊತ್ತಿದೆ. 2014ರ ಜನವರಿಯಲ್ಲಿ ವಿಕ್ರಮಾದಿತ್ಯ ಹಡಗು ರಷ್ಯಾದಿಂದ ಕಾರವಾರಕ್ಕೆ ಬಂದಾಗ ಪೇಪರಿನಲ್ಲಿ ಬಂದ ಚಿತ್ರವನ್ನು ಕತ್ತರಿಸಿ ಅನ್ನದ ಗಂಜಿಯಲ್ಲಿ ಗೋಡೆಗೆ ಅಂಟಿಸಿದ್ದಳು. ಆಗ ಅವಳಿಗೆ ಒಂಬತ್ತು ವರ್ಷ. ಮುಂದೆ ಹೈಸ್ಕೂಲಿನಲ್ಲಿ ಕಾರವಾರಕ್ಕೆ ಪ್ರವಾಸ ಹೋದರು. ಟಾಗೋರ್ ಬೀಚಿನಲ್ಲಿ ನಿಲ್ಲಿಸಿಟ್ಟಿರುವ ಚಪಲ್ ಯುದ್ಧನೌಕೆಯ ಒಳಗೆ ಓಡಾಡಿ ಬಂದವಳು ಒಂದು ವಾರ ಅದರದ್ದೇ ಮಾತು. ಬಾಗಿಲು ಎಷ್ಟು ಸಣ್ಣದು, ಏಣಿ ಎಷ್ಟು ಕಡಿದು, ಅಷ್ಟು ಇಕ್ಕಟ್ಟಿನಲ್ಲಿ ಜನ ಹೇಗೆ ಮಲಗುತ್ತಿದ್ದರು. ದಾರಿಯಲ್ಲಿ ಅರ್ಗಾದ ಹತ್ತಿರ ನೇವಿಯವರ ನೆಲೆಯ ಉದ್ದಕ್ಕೂ ಬಸ್ಸಿನ ಕಿಟಕಿಗೆ ಮುಖ ಒತ್ತಿ ಕೂತಿದ್ದಳಂತೆ. ಮಕ್ಕಳ ಮಾತು, ದೊಡ್ಡವಳಾದಂತೆ ಬಿಡುತ್ತಾಳೆ ಅಂದುಕೊಂಡೆ. ಬಿಡಲಿಲ್ಲ.

2022ರ ಜೂನ್‌ನಲ್ಲಿ, ನಾಲ್ಕು ವರ್ಷಕ್ಕೆ ಅಗ್ನಿವೀರರಾಗಿ ಸೇನೆಗೆ ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ ಬಂತು. ಕೂಸು ಆಗಷ್ಟೇ ಪಿಯುಸಿ ಸೈನ್ಸ್ ಮುಗಿಸಿದ್ದಳು. ನೇವಿಯಲ್ಲಿ ಅಲ್ಲಿಯವರೆಗೆ ಹೆಂಗಸರು ಅಧಿಕಾರಿಗಳಾಗಿ ಮಾತ್ರ ಇದ್ದರು, ನಾವಿಕರಾಗಿ ಹುಡುಗಿಯರನ್ನು ತೆಗೆದುಕೊಂಡಿದ್ದು ಅದೇ ಮೊದಲು. ರಾತ್ರಿ ಊಟಕ್ಕೆ ಕೂತಾಗ ಹೇಳಿದಳು. ನನ್ನವರು ಏನೂ ಅನ್ನಲಿಲ್ಲ. ನನ್ನ ಮಾವ ಮಾತ್ರ, "ಘಟ್ಟದ ಮೇಲಿನ ಕೂಸಿಗೆ ಸಮುದ್ರ ಎಂತಕ್ಕೆ?" ಅಂದರು. ಅವರಿಗೆ ಆಗಲೇ ಎಂಬತ್ತರ ಹತ್ತಿರ. ನಾನೂ ಸುಮ್ಮನಿದ್ದೆ. ಸುಮ್ಮನಿದ್ದಿದ್ದು ಒಪ್ಪಿಗೆಯಿಂದ ಅಲ್ಲ, ಹೆದರಿಕೆಯಿಂದ.

ನನ್ನವರು ಮಾರನೇ ದಿನ ಯೋಜನೆಯ ವಿವರ ಎಲ್ಲ ಮೊಬೈಲಿನಲ್ಲಿ ಓದಿ ಹೇಳಿದರು. ನಾಲ್ಕು ವರ್ಷದ ಕೆಲಸ. ಮೊದಲ ವರ್ಷ ತಿಂಗಳಿಗೆ 30 ಸಾವಿರ, ಅದರಲ್ಲಿ ಕೈಗೆ 21 ಸಾವಿರ, ಉಳಿದ 9 ಸಾವಿರ ಸೇವಾ ನಿಧಿಗೆ ಜಮಾ, ಸರ್ಕಾರವೂ ಅಷ್ಟೇ ಹಾಕುತ್ತದೆ. ನಾಲ್ಕು ವರ್ಷಕ್ಕೆ ಬಡ್ಡಿ ಸೇರಿ ಸುಮಾರು 11.71 ಲಕ್ಷ. ವರ್ಷಕ್ಕೆ 30 ದಿನ ರಜೆ. 48 ಲಕ್ಷದ ವಿಮೆ. ಆ ಸಾಲಿಗೆ ಬಂದವರು ಓದುವುದನ್ನು ಅಲ್ಲಿಗೇ ನಿಲ್ಲಿಸಿ ಎದ್ದು ತೋಟಕ್ಕೆ ಹೋದರು. ನಾನು ಪಾತ್ರೆ ತೊಳೆಯುತ್ತಾ ನಿಂತೆ. ವಿಮೆ ಯಾಕೆ ಕೊಡುತ್ತಾರೆ ಅಂತ ಇಬ್ಬರಿಗೂ ಗೊತ್ತು, ಅಲ್ವಾ. ಆ ವಿಷಯ ನಾವಿಬ್ಬರೂ ಇವತ್ತಿಗೂ ಬಾಯಿಬಿಟ್ಟು ಮಾತಾಡಿಲ್ಲ.

ಆದರೆ ಸಂಜೆ ತೋಟದಿಂದ ಬಂದವರು ಬೈಕ್ ತೆಗೆದು ದಣಪೆಯಿಂದ, ಅಂದರೆ ನಮ್ಮ ಬೇಲಿಯ ಬಾಗಿಲಿನಿಂದ, ಹಾಲಿನ ಡೈರಿಯವರೆಗೆ ಹೋಗಿ ಬಂದರು. "ಹೋಗಿ ಬಂದ್ರೆ ಸರಿಯಾಗಿ 1.6 ಕಿಲೋಮೀಟರ್" ಅಂದರು. ನೇವಿ ಸೇರಲು ಹುಡುಗಿಯರು ಆ ದೂರವನ್ನು ಎಂಟು ನಿಮಿಷದೊಳಗೆ ಓಡಬೇಕಿತ್ತು. ಅದರ ಮೇಲೆ 15 ಬಸ್ಕಿ, 10 ಸಿಟ್‌ಅಪ್. ಬಸ್ಕಿ ಅವಳಿಗೆ ದೊಡ್ಡದಲ್ಲ, ದೊಡ್ಡದು ಓಟ.

ಜುಲೈನಲ್ಲಿ ನಮ್ಮ ಕಡೆ ಮಳೆ ಹೇಗೆ ಅಂತ ಗೊತ್ತಿದ್ದವರಿಗೆ ಗೊತ್ತು. ಬೆಳಿಗ್ಗೆ ಐದೂವರೆಗೆ ಕೊಡೆ ಹಿಡಿದು, ಪ್ಲಾಸ್ಟಿಕ್ ಕವರಿನಲ್ಲಿ ಮೊಬೈಲ್ ಸುತ್ತಿಕೊಂಡು ದಣಪೆಯ ಹತ್ತಿರ ನಾನು ನಿಲ್ಲುತ್ತಿದ್ದೆ. ಸ್ಟಾಪ್‌ವಾಚ್ ಒತ್ತುವುದು ನನ್ನ ಕೆಲಸ. ಮೊದಲ ದಿನ 10 ನಿಮಿಷ 40 ಸೆಕೆಂಡ್. ಬಂದವಳು ಕಲ್ಲಿನ ಮೇಲೆ ಕೂತು ಕಾಲಿಗೆ ಹತ್ತಿದ ಉಂಬಳ ಕಿತ್ತು ಎಸೆಯುತ್ತಾ, "ಆಗ್ತಿಲ್ಲೆ ಆಯಿ" ಅಂದಳು. ನಾನು ಏನು ಹೇಳಬೇಕು ಅಂತ ತಿಳಿಯದೆ ಟೈಮನ್ನು ಮಾತ್ರ ಹೇಳಿ, ಒಳಗೆ ಬಂದು ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ 10.40 ಅಂತ ಬರೆದೆ. ಮಾರನೇ ದಿನದ್ದೂ ಬರೆದೆ. ಆಮೇಲೆ ಅವಳೇ ಓಡಿ ಬಂದ ಕೂಡಲೇ ಕ್ಯಾಲೆಂಡರ್ ನೋಡುವುದು ಶುರುವಾಯಿತು. ಆಗಸ್ಟ್ ಹದಿನೈದರ ಹೊತ್ತಿಗೆ 8.20. ಗಣೇಶ ಚೌತಿಯ ದಿನ, ಮಡಿ ಉಟ್ಟುಕೊಳ್ಳುವುದಕ್ಕೂ ಮೊದಲು, 7.52. ಆ ಕ್ಯಾಲೆಂಡರ್ ಇನ್ನೂ ಇದೆ, ಗೋಡೆಯಿಂದ ತೆಗೆದು ಬೀರುವಿನಲ್ಲಿ ಇಟ್ಟಿದ್ದೇನೆ.

ಕಾಗದಪತ್ರದ ಕೆಲಸ ಓಟಕ್ಕಿಂತ ಜಾಸ್ತಿ ದಣಿಸಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವಳ ಹೆಸರಿನ ಜೊತೆ ಬರೀ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ಒಂದು ಕಚೇರಿಗೆ ಮೂರು ಸಲ ಅಲೆದೆವು, ಪ್ರತಿ ಸಲವೂ ಬೇರೆ ಒಂದು ಕಾಗದ ಬೇಕು ಅಂದರು. ಹಾಗಾಗಿ ಮಕ್ಕಳು ಪಿಯುಸಿಯಲ್ಲಿ ಇರುವಾಗಲೇ ಎಲ್ಲ ಕಡೆ ಹೆಸರು ಒಂದೇ ತರಹ ಇದೆಯಾ ನೋಡಿಕೊಳ್ಳಿ. ಪಿಯುಸಿ ಆದವರು ಸೇರುವ ಎಸ್‌ಎಸ್‌ಆರ್ (ಸೀನಿಯರ್ ಸೆಕೆಂಡರಿ ರಿಕ್ರೂಟ್) ವಿಭಾಗಕ್ಕೆ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಇರಲೇಬೇಕು ಅನ್ನುವುದೂ ಗೊತ್ತಿರಲಿ, ಸಿದ್ದಾಪುರದ ಆ ತಾಯಿಗೆ ಅದು ಗೊತ್ತಿರಲಿಲ್ಲ. ಪರೀಕ್ಷೆ, ಓಟ, ವೈದ್ಯಕೀಯ ಎಲ್ಲ ಒಂದಾದ ಮೇಲೆ ಒಂದು ಆಯಿತು, ಅದನ್ನೆಲ್ಲ ಬರೆಯುತ್ತಾ ಕೂರುವುದಿಲ್ಲ. ಓಟದಲ್ಲಿ 7.31.

ನವೆಂಬರ್‌ನಲ್ಲಿ ಒಡಿಶಾದಲ್ಲಿರುವ ನೇವಿಯ ಟ್ರೇನಿಂಗ್ ಕೇಂದ್ರ ಐಎನ್‌ಎಸ್ ಚಿಲ್ಕಾಕ್ಕೆ ಹೊರಟಳು. ತೋಟದಲ್ಲಿ ಅಡಿಕೆ ಗೊನೆ ಕೊಯ್ಲು ಶುರುವಾಗಿತ್ತು. ಅಂಗಳದ ತುಂಬ ಅಡಿಕೆ, ಸುಲಿಯುವವರು ಮೆಟ್ಟುಗತ್ತಿ ಹಾಕಿಕೊಂಡು ಕೂತಿದ್ದಾರೆ, ಅದರ ಮಧ್ಯೆ ಅವಳ ಬ್ಯಾಗು. ಮಾವ ಜಗುಲಿಯಲ್ಲಿ ಕೂತಿದ್ದವರು ಅವಳನ್ನು ಹತ್ತಿರ ಕರೆದರು. "ನಿಮ್ಮ ನೇವಿಯವರ ಮಂತ್ರ ಎಂತದು?" ಅಂತ ಕೇಳಿದರು. ಅವಳು, "ಶಂ ನೋ ವರುಣಃ ಅಂತ, ಅಜ್ಜ" ಅಂದಳು. ಮಾವ ಕಣ್ಣು ಮುಚ್ಚಿ, "ಶಂ ನೋ ಮಿತ್ರಃ ಶಂ ವರುಣಃ" ಅಂತ ಶುರು ಮಾಡಿ ಆ ಶಾಂತಿಮಂತ್ರವನ್ನು ಕೊನೆಯವರೆಗೆ ಹೇಳಿದರು. ತೈತ್ತಿರೀಯ ಉಪನಿಷತ್ತಿನದ್ದು ಅದು, ನಮ್ಮ ಮನೆಯಲ್ಲಿ ಅವರು ದಿನವೂ ಹೇಳುವುದೇ. ಸುಲಿಯುವವರೂ ಕೈ ನಿಲ್ಲಿಸಿದ್ದರು. ಮಂತ್ರ ಮುಗಿದ ಮೇಲೆ, "ಹೋಗಿ ಬಾ ಕೂಸೆ, ವರುಣ ನಮಗೂ ಬೇಕಾದವನೇಯ" ಅಂದರು.

ಚಿಲ್ಕಾದಲ್ಲಿ ಮತ್ತೊಮ್ಮೆ ವೈದ್ಯಕೀಯ ಪರೀಕ್ಷೆ ಇರುತ್ತದೆ. ಅದರಲ್ಲಿ ಆಗದಿದ್ದರೆ ಅಲ್ಲಿಂದಲೇ ವಾಪಸ್. ಆ ನಾಲ್ಕೈದು ದಿನ ನಾನು ಫೋನನ್ನು ಕೊಟ್ಟಿಗೆಗೂ ತೆಗೆದುಕೊಂಡು ಹೋಗುತ್ತಿದ್ದೆ. ಪಾಸಾಯಿತು ಅಂತ ಒಂದು ಮಾತು ಬಂತು, ಆಮೇಲೆ ಫೋನ್ ಅಪರೂಪ. ವಾರಕ್ಕೆ ಒಮ್ಮೆ, ಕೆಲವು ನಿಮಿಷ. ಅದೂ ಒಮ್ಮೊಮ್ಮೆ ಇಲ್ಲ.

ಮೂರನೇ ವಾರದ ಫೋನಿನ ವಿಷಯ ಬರೆಯಲೇಬೇಕು, ಯಾಕೆಂದರೆ ತಂದೆ ತಾಯಿ ತಪ್ಪುವುದು ಇಂಥಲ್ಲೇ. ಅವಳಿಗೆ ಈಜು ಬರುತ್ತಿರಲಿಲ್ಲ. ಎತ್ತರದ ಹಲಗೆಯಿಂದ ನೀರಿಗೆ ಹಾರಬೇಕಿತ್ತು, ಎರಡು ಸಲ ಮೇಲೆ ಹೋಗಿ ಇಳಿದು ಬಂದಿದ್ದಳು. ಫೋನಿನಲ್ಲಿ ಅಳು. ಅಳು ಕೇಳಿ ನನ್ನ ಬಾಯಿಂದ ಮೊದಲು ಬಂದಿದ್ದು, "ಬ್ಯಾಡ ಕೂಸೆ, ಬಂದ್ಬಿಡು." ಆ ಕಡೆ ಮಾತೇ ಇಲ್ಲ. ಅಳುವೂ ನಿಂತಿತು. ನನ್ನವರು ಫೋನ್ ತೆಗೆದುಕೊಂಡು, "ಇವತ್ತು ಊಟಕ್ಕೆ ಎಂತ ಇತ್ತು?" ಅಂದರು. ಅನ್ನ, ದಾಲ್, ಆಲೂ ಪಲ್ಯ ಅಂದಳಂತೆ. ಪಕ್ಕದ ಹಾಸಿಗೆಯವಳು ಎಲ್ಲಿಯವಳು ಅಂತ ಕೇಳಿದರು. ಹರಿಯಾಣದವಳಂತೆ. ಅಡಿಕೆ ರೇಟು ಹೇಳಿದರು. ಅಷ್ಟರಲ್ಲಿ ಟೈಮ್ ಮುಗಿಯಿತು.

ಮುಂದೆ ಎಷ್ಟೋ ತಿಂಗಳ ಮೇಲೆ ಅವಳೇ ಹೇಳಿದಳು: "ಆಯಿ, ನೀನು ಬಂದ್ಬಿಡು ಅಂದಾಗ ನನಗೆ ನೀರಿಗಿಂತ ಜಾಸ್ತಿ ಹೆದರಿಕೆ ಆಯಿತು. ನನ್ನ ಕೈಲಿ ಆಗುವುದಿಲ್ಲ ಅಂತ ನೀನೂ ನಂಬಿದೆ ಅಂತ ಅನ್ನಿಸಿತು." ಪ್ರೀತಿಯಿಂದಲೇ ಹೇಳಿದ್ದು, ಮಗುವಿಗೆ ಕೇಳಿದ್ದು ಬೇರೆ. ಅದನ್ನು ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಆ ಫೋನಿನ ಮಾರನೇ ದಿನ ನಾನು ಪೋಸ್ಟ್ ಆಫೀಸಿಗೆ ಹೋಗಿ ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಹತ್ತು ತಂದೆ. ಮದುವೆಯಾಗಿ ಬಂದ ಹೊಸದರಲ್ಲಿ ತವರಿಗೆ ಬರೆದಿದ್ದೇ ಕೊನೆ, ಪತ್ರ ಬರೆದು ಇಪ್ಪತ್ತು ವರ್ಷವೇ ಆಗಿತ್ತು. ಮೊದಲ ಪತ್ರದಲ್ಲಿ ದೇಶ, ಧೈರ್ಯ, ಹೆಮ್ಮೆ ಅಂತ ಏನೇನೋ ಬರೆದೆ. ಓದಿ ನೋಡಿದರೆ ಶಾಲೆಯ ಭಾಷಣದ ಹಾಗಿತ್ತು, ನನ್ನ ಮಾತು ಅನ್ನಿಸಲಿಲ್ಲ. ಅದನ್ನು ಹಾಕಲಿಲ್ಲ. ಎರಡನೆಯದರಲ್ಲಿ ಮನೆಯ ಸುದ್ದಿ ಬರೆದೆ. ಗೌರಿಗೆ ಎರಡು ದಿನ ಹಾಲು ಕಡಿಮೆ ಆಗಿತ್ತು, ಈಗ ಸರಿಯಾಗಿದೆ. ಬಾವಿಯ ಹತ್ತಿರದ ಮುರುಗಲು ಮರದ ಕೊಂಬೆ ಮುರಿದು ಬಿತ್ತು. ಅಜ್ಜ ನಿನ್ನ ಟಾರ್ಚ್ ತಮ್ಮದು ಅಂತ ಇಟ್ಟುಕೊಂಡಿದ್ದಾರೆ. ಕೊನೆಗೆ ಒಂದು ಸಾಲು: 'ಹತ್ತು ನಲವತ್ತರಿಂದ ಏಳು ಮೂವತ್ತೊಂದಕ್ಕೆ ಬಂದವಳು ನೀನು, ನಾನು ನಿಂತು ನೋಡಿದ್ದೇನೆ.'

ಮುಂದಿನ ಫೋನಿನಲ್ಲಿ ಪತ್ರ ಬಂತು ಅಂತ ಹೇಳಲಿಲ್ಲ. "ಗೌರಿ ಈಗ ಎಷ್ಟು ಕೊಡ್ತು?" ಅಂತ ಕೇಳಿದಳು. ಹಾಗೆ ನಾಲ್ಕು ತಿಂಗಳಲ್ಲಿ ಹದಿನೇಳು ಪತ್ರ ಬರೆದೆ. ಹರಿಯಾಣದ ಹುಡುಗಿ ದಿನಾ ಗೌರಿಯ ಸುದ್ದಿ ಕೇಳುತ್ತಿದ್ದಳಂತೆ, ಕೂಸು ಹಿಂದಿಯಲ್ಲಿ ಓದಿ ಹೇಳಬೇಕು, ಅವಳ ಮನೆಯಲ್ಲೂ ಎಮ್ಮೆ ಇತ್ತಂತೆ. ಹಾರಿದ್ದು ಯಾವತ್ತು ಅಂತ ಕೂಸು ಹೇಳಲೇ ಇಲ್ಲ, ಒಂದು ದಿನ ಮಾತಿನ ನಡುವೆ, "ನಾನು ಈಗ ದಿನಾ ಹಾರ್ತಿ" ಅಂದಳು.

2023ರ ಮಾರ್ಚ್ 28ಕ್ಕೆ, ಚಿಲ್ಕಾದ ಟ್ರೇನಿಂಗ್ ಮುಗಿಸಿದವರ ಪಾಸಿಂಗ್ ಔಟ್ ಪರೇಡ್. ಯುಗಾದಿ ಮುಗಿದು ಆರನೇ ದಿನ. ಹುಬ್ಬಳ್ಳಿಗೆ ಹೋಗಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದೆವು, ನಾನು, ನನ್ನವರು, ನನ್ನ ತಮ್ಮ. ಗುಂತಕಲ್, ವಿಜಯವಾಡ, ವಿಶಾಖಪಟ್ಟಣ ದಾಟಿ ಒಡಿಶಾ ಒಳಗೆ ಹೋದ ಮೇಲೆ ರೈಲಿನ ಪಕ್ಕದಲ್ಲಿ ನೀರು ಕಾಣಿಸಿತು. ಕಣ್ಣು ಹಾಯುವಷ್ಟು ದೂರ ನೀರು, ಸಣ್ಣ ಸಣ್ಣ ದೋಣಿ. ಸಮುದ್ರ ಅಂದುಕೊಂಡು ಕೈ ಮುಗಿದೆ. ಎದುರು ಕೂತಿದ್ದವರು ಇದು ಚಿಲಿಕಾ ಸರೋವರ ಅಂದರು. ನಾಲ್ಕು ತಿಂಗಳಿಂದ ನನ್ನ ಮಗಳು ಇದರ ದಡದಲ್ಲೇ ಇದ್ದಾಳೆ ಅಂತ ಅವರಿಗೆ ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಅವರು ಎದ್ದು ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟರು.

ಪರೇಡ್ ನಡೆದಿದ್ದು ಸೂರ್ಯ ಮುಳುಗಿದ ಮೇಲೆ. ಹಾಗೆ ಸಂಜೆ ಹೊತ್ತು ಇಂಥ ಪರೇಡ್ ಮಾಡಿದ್ದು ನಮ್ಮ ಸೇನೆಗಳಲ್ಲೇ ಮೊದಲ ಸಲವಂತೆ. ಸುಮಾರು 2600 ಮಕ್ಕಳು, ಅದರಲ್ಲಿ 270ಕ್ಕೂ ಹೆಚ್ಚು ಹುಡುಗಿಯರು. ಆಗಿನ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ಆರ್. ಹರಿಕುಮಾರ್ ಬಂದಿದ್ದರು. ಪಿ.ಟಿ. ಉಷಾ ಕೂಡ ಬಂದಿದ್ದರು, ನಾನು ಹುಡುಗಿಯಾಗಿದ್ದಾಗ ಪೇಪರಿನಲ್ಲಿ ನೋಡಿದ ಉಷಾ. ದೀಪದ ಬೆಳಕಿನಲ್ಲಿ ಬಿಳಿ ಬಟ್ಟೆ, ಬಿಳಿ ಟೋಪಿ, ಎಲ್ಲರೂ ಒಂದೇ. ನನ್ನ ಮಗಳು ಯಾರು ಅಂತ ಗುರುತೇ ಸಿಗಲಿಲ್ಲ. ನನ್ನವರು ಮೆಲ್ಲಗೆ, "ಮೂರನೇ ಸಾಲು, ಈ ಕಡೆಯಿಂದ ಐದನೆಯವಳು" ಅಂದರು. ಹೇಗೆ ಗೊತ್ತಾಯಿತು ಅಂತ ಕೇಳಿದ್ದಕ್ಕೆ, "ಎಡಗೈ ಬೀಸುವುದು ನೋಡು, ನನ್ನ ಅಪ್ಪಯ್ಯನೇ" ಅಂದರು. ಹೌದು, ತೋಟಕ್ಕೆ ಹೋಗುವಾಗ ಮಾವ ನಡೆಯುವುದು ಹಾಗೇ. ಆಮೇಲೆ ನನಗೆ ಬೇರೆ ಯಾರೂ ಕಾಣಲಿಲ್ಲ.

ಪರೇಡ್ ಮುಗಿದು ಹತ್ತಿರ ಬಂದಾಗ ಮೊದಲು ಅವಳ ಕೈ ಹಿಡಿದುಕೊಂಡೆ. ಅಂಗೈ ಗಟ್ಟಿಯಾಗಿತ್ತು, ಬೆರಳಿನ ಬುಡದಲ್ಲಿ ನಾಲ್ಕು ಗಂಟು. ಸೀಸನ್ ಪೂರ್ತಿ ಅಡಿಕೆ ಸುಲಿದ ಹೆಂಗಸರ ಕೈ ಹೀಗಿರುತ್ತದೆ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ, ಅಪ್ಪನಿಗೆ ಸೆಲ್ಯೂಟ್ ಹೊಡೆದಳು. ಅತ್ತಿದ್ದು ಅವರು. ನನ್ನ ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹೆಮ್ಮೆ ಬೇಕಾದಷ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಊರಿನಲ್ಲಿ ಹೆಮ್ಮೆ ಪಡುವುದು ಒಂದು ಕೆಲಸ, ದೂರದಲ್ಲಿರುವವಳಿಗೆ ಬಲ ಕೊಡುವುದು ಇನ್ನೊಂದು. ಚಿಲ್ಕಾದಿಂದ ಮುಂದಿನ ಟ್ರೇನಿಂಗ್, ಅಲ್ಲಿಂದ ಕೆಲಸ, ಆಮೇಲೆ ಹಡಗು. 2024ರ ಮಾರಿಕಾಂಬಾ ಜಾತ್ರೆಗೆ ರಜೆ ಸಿಗಲಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಹುಟ್ಟಿದಾಗಿನಿಂದ ಒಂದೂ ತಪ್ಪಿಸಿದವಳಲ್ಲ. ದೇವಿ ರಥದಲ್ಲಿ ಹೊರಟಾಗ ನಾನು ವಿಡಿಯೋ ಕಾಲ್ ಮಾಡಬೇಕು ಅಂತಿದ್ದೆ. ನನ್ನವರು ಬೇಡ ಅಂದರು, ಡ್ಯೂಟಿಯಲ್ಲಿ ಇರುವವಳಿಗೆ ಇದನ್ನು ತೋರಿಸಿ ಮನಸ್ಸು ಎಳೆಯಬೇಡ ಅಂತ. ಅವರ ಮಾತು ಕೇಳಿದೆ. ರಾತ್ರಿ ಅವಳೇ ಮೆಸೇಜ್ ಮಾಡಿ, ಯಾಕೆ ತೋರಿಸಲಿಲ್ಲ ಅಂತ ಜಗಳ ಮಾಡಿದಳು! ಹಾಗಾಗಿ ಇಂಥದ್ದಕ್ಕೆಲ್ಲ ಒಂದು ನಿಯಮ ಅಂತ ಇಲ್ಲ. ಈಗ ನಾನು ಏನು ಬೇಕು, ಏನು ಬೇಡ ಅಂತ ಅವಳನ್ನೇ ಕೇಳುತ್ತೇನೆ.

2025ರ ಮೇ ತಿಂಗಳು ಕಷ್ಟದ್ದು. ಪಹಲ್ಗಾಮ್‌ನಲ್ಲಿ ಏಪ್ರಿಲ್ 22ರಂದು ಆದ ಉಗ್ರರ ದಾಳಿ ಎಲ್ಲರಿಗೂ ಗೊತ್ತು. 27ಕ್ಕೆ ಅವಳಿಂದ ಒಂದು ಮೆಸೇಜ್: 'ಆಯಿ, ಕೆಲವು ದಿನ ಫೋನ್ ಇಲ್ಲೆ. ನಾನು ಆರಾಮಿದ್ದಿ.' ಅಷ್ಟೇ. ಎಲ್ಲಿ, ಎಷ್ಟು ದಿನ, ಏನೂ ಇಲ್ಲ. ಕೇಳಬಾರದು ಅಂತ ಮೂರು ವರ್ಷದಲ್ಲಿ ಕಲಿತಿದ್ದೇನೆ, ಕೇಳಲಿಲ್ಲ. ಮೇ 7ರ ಬೆಳಿಗ್ಗೆ ಆಪರೇಷನ್ ಸಿಂಧೂರದ ಸುದ್ದಿ. ಅವತ್ತಿನಿಂದ ಮನೆಗೆ ಜನ ಬರುವುದು ಶುರು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಬಂದವರು, ಆದರೆ ಎಲ್ಲರ ಕೈಯಲ್ಲೂ ಒಂದೊಂದು ವಾಟ್ಸಾಪ್ ಸುದ್ದಿ. 8ರ ರಾತ್ರಿ ಟಿವಿಯಲ್ಲಿ ನಮ್ಮ ನೇವಿ ಕರಾಚಿ ಬಂದರಿನ ಮೇಲೆ ದಾಳಿ ಮಾಡಿದೆ ಅಂತ ಗಂಟಲು ಹರಿಯುವ ಹಾಗೆ ಕೂಗಿದರು. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತುಬಿಟ್ಟೆ. ಮಾವ ಕೋಲು ಊರಿಕೊಂಡು ಎದ್ದು ಹೋಗಿ ಟಿವಿಯ ಸ್ವಿಚ್ ಆರಿಸಿ, "ಕೂಸು ಹೇಳಿದ್ದು ಮಾತ್ರ ನಮಗೆ ಸುದ್ದಿ" ಅಂದರು. ಮಾರನೇ ದಿನ ಅದು ಸುಳ್ಳು ಅಂತ ಗೊತ್ತಾಯಿತು. ಆ ರಾತ್ರಿ ಎಷ್ಟು ಮನೆಗಳಲ್ಲಿ ಎಷ್ಟು ತಾಯಂದಿರು ಹಾಗೆ ನಿಂತಿದ್ದರೋ, ಕೂಗಿದವರು ಒಂದು ಸಲ ಯೋಚನೆ ಮಾಡಬೇಕಿತ್ತು.

ಮಕ್ಕಳು ಸೇನೆಯಲ್ಲಿ ಇರುವ ಮನೆಗೆ ಹೋಗುವವರಿಗೆ ಒಂದು ಮಾತು. ಸುದ್ದಿ ತರಬೇಡಿ. ಕೆಲಸಕ್ಕೆ ಕೈ ಹಾಕಿ. ಪಕ್ಕದ ಮನೆಯ ಅತ್ತಿಗೆ ಮಾಡಿದ್ದು ಅದನ್ನೇ. 9ರ ಬೆಳಿಗ್ಗೆ ಎರಡು ಬಲಿತ ಹಲಸಿನಕಾಯಿ ಹೊತ್ತು ತಂದು, "ಬಾ, ಹಪ್ಪಳ ಮಾಡನ" ಅಂದರು. ತೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಉಂಡೆ ಕಟ್ಟಿ, ಒತ್ತಿ, ಬಿಸಿಲಿಗೆ ಹಾಕಿ. ಕೈ ತುಂಬ ಎಣ್ಣೆ, ಮೇಣ. ಫೋನ್ ಮುಟ್ಟುವ ಹಾಗೇ ಇಲ್ಲ. 10ರ ಸಂಜೆ ಗುಂಡಿನ ಚಕಮಕಿ ನಿಂತಿತು ಅಂತ ಕೇಳಿದೆವು. ಅವಳ ಸುದ್ದಿ ಆಗಲೂ ಇಲ್ಲ. ಹಪ್ಪಳ ಮುಂದುವರಿಸಿದೆವು. ಒಟ್ಟು ನಾನೂರರ ಮೇಲೆ ಆಗಿತ್ತು. 16ಕ್ಕೆ, ಹತ್ತೊಂಬತ್ತನೇ ದಿನ, ಮಧ್ಯಾಹ್ನ ಫೋನ್ ಬಂತು. "ಆಯಿ, ಈ ವರ್ಷ ಹಪ್ಪಳ ಮಾಡಿದ್ಯಾ?" ಅಂತ ಕೇಳಿದಳು. ಆ ಕಡೆ ಏನಾಯಿತು ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇನ್ನೂರು ಹಪ್ಪಳ ಡಬ್ಬಿಗೆ ತುಂಬಿ ಕಳಿಸಿದೆ. ತಲುಪುವಷ್ಟರಲ್ಲಿ ಅರ್ಧಕ್ಕರ್ಧ ಪುಡಿಯಾಗಿತ್ತಂತೆ, ಕೇರಳದವರು, ಬಿಹಾರದವರು ಎಲ್ಲ ಸೇರಿ ಪುಡಿಯನ್ನೂ ಹುರಿದು ತಿಂದರಂತೆ.

2026ರ ನವೆಂಬರ್‌ಗೆ ನಾಲ್ಕು ವರ್ಷ ಮುಗಿಯುತ್ತದೆ. ಆಮೇಲೆ ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಮಂದಿಯನ್ನು ಉಳಿಸಿಕೊಳ್ಳುತ್ತಾರೆ. ಉಳಿಯಬೇಕು ಅಂತ ಅವಳಿಗೆ ಆಸೆ ಇದೆ, ಅದಕ್ಕೆ ದುಡಿಯುತ್ತಿದ್ದಾಳೆ. ಆಗದಿದ್ದರೆ ಅಂತ ಹೋದ ತಿಂಗಳು ಅವಳೇ ಕೇಳಿದಳು. ಚಿಲ್ಕಾದ ಆ ಫೋನ್ ನೆನಪಾಯಿತು. ಸ್ವಲ್ಪ ಹೊತ್ತು ಬಿಟ್ಟು, "ಈಗ ಎಷ್ಟರಲ್ಲಿ ಓಡ್ತೆ?" ಅಂತ ಕೇಳಿದೆ. "6.58" ಅಂದಳು. ಈ ವರ್ಷದ ಕ್ಯಾಲೆಂಡರಿನಲ್ಲಿ ಅದನ್ನು ಬರೆದಿದ್ದೇನೆ.

ಹಡಗು ಈಗ ಸಮುದ್ರದಲ್ಲಿದೆ, ಫೋನ್ ಸಿಗುವುದಿಲ್ಲ. ಇನ್‌ಲ್ಯಾಂಡ್ ಒಂದು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ನಿನ್ನೆ ರಾತ್ರಿ ಎರಡು ಗಂಟೆಗೆ ಗೌರಿ ಕರು ಹಾಕಿತು. ಹೆಣ್ಣು ಕರು, ಹಣೆಯಲ್ಲಿ ಬಿಳಿ ಬೊಟ್ಟು. ಮೊದಲು ಅದನ್ನು ಬರೆಯಬೇಕು.